ಬಾಗಿಲಿಗೆ ಹಾಕಿದ ಎಣ್ಣೆ

ಮಾವನವರು ಒಳ್ಳೆಯ ಮನಸ್ಸಿನಿಂದಲೇ ಎಣ್ಣೆ ಹಾಕಿದ್ದರು. ಅವರ ಒಳ್ಳೆಯ ಮನಸ್ಸಿನಿಂದ ಆ ಮನೆಯಲ್ಲಿ ಆಗಿರುವ ಅನಾಹುತಗಳು ಒಂದೆರಡಲ್ಲ. ಅಳಿಯ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವರು ಸಾಮಾನು ಕೋಣೆಯ ಮುಂದೆ ಸ್ಟೂಲ್ ಹಾಕಿ ನಿಂತು, ಹೊಲಿಗೆ ಯಂತ್ರದ ಎಣ್ಣೆಯನ್ನು ಬಾಗಿಲಿನ ಕೀಲುಗಳಿಗೆಲ್ಲ ಹನಿಸಿ, ಕೈ ಒರೆಸಿಕೊಳ್ಳುತ್ತಿದ್ದರು.

"ನೋಡಿ, ಸದ್ದೇ ಇಲ್ಲ ಈಗ!" ಎಂದು ಬಾಗಿಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ತೋರಿಸಿದರು.

"ಮಾವ, ಏನ್ ಮಾಡಿಬಿಟ್ರಿ! ಆ ಸದ್ದು ಇವತ್ತು ನನಗೆ ಬೇಕಿತ್ತು!"

ಮಾವ ಮಗಳ ಮುಖ ನೋಡಿದರು. "ಮದುವೆ ಆದಾಗಿಂದ ಎಣ್ಣೆ ಹಾಕಿ ಅಂತ ಬಡ್ಕೊಂಡೆ ಅಪ್ಪ. ಮುಟ್ಟಬೇಡ ಅಂತಾರೆ. ಆ ಬಾಗಿಲಿಗೆ ಇರೋ ಮರ್ಯಾದೆ ನನಗಿಲ್ಲ" ಎಂದು ಅವಳು ಒಳಗೆ ಹೋದಳು.

ಅಳಿಯನಿಗೆ ಅಳು ಬರುವುದೊಂದು ಬಾಕಿ. ಹಳೆಯ ಕಾಲದ ಭಯಾನಕ ವಿಡಿಯೋ ಗೇಮೊಂದನ್ನು ಈಗಿನವರಿಗಾಗಿ ಹೊಸದಾಗಿ ಕಟ್ಟುತ್ತಿದ್ದ ಕಂಪನಿಯಲ್ಲಿ ಅವನಿಗೆ ಸದ್ದು ಕೂಡಿಸುವ ಕೆಲಸ. ಮುಚ್ಚಿಹೋದ ಆಸ್ಪತ್ರೆಯಲ್ಲಿ ಸಿಕ್ಕಿಕೊಂಡ ಒಬ್ಬಳು ಹುಡುಗಿ, ಕೈಯಲ್ಲಿ ಮಂಕು ಟಾರ್ಚು, ಬೆರಳೆಣಿಕೆಯ ಗುಂಡು, ಸತ್ತರೂ ವಾರ್ಡು ಬಿಡದ ರೋಗಿಗಳು. ಇಷ್ಟೇ ಆಟ. ಆದರೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಪರದೆಯೆಲ್ಲ ಕಪ್ಪಾಗಿ ಬಾಗಿಲೊಂದೇ ಉಳಿಯುತ್ತಿತ್ತು. ಅದು ಕಿರ್ರೆಂದು ಜೀವ ಹಿಂಡುತ್ತಾ, ನಿಧಾನಕ್ಕೆ ತೆರೆಯುತ್ತಿತ್ತು. ಆಗಿನ ಯಂತ್ರಕ್ಕೆ ಮುಂದಿನ ಕೋಣೆಯನ್ನು ಎಳೆದು ತರಲು ಅಷ್ಟು ಹೊತ್ತು ಬೇಕಿತ್ತಂತೆ. ಆಡುವವರಿಗೆ ಬೇಸರವಾಗದಿರಲಿ ಎಂದು ಯಾರೋ ನಡುವೆ ಒಂದು ಬಾಗಿಲು ಇಟ್ಟಿದ್ದರು. ಆ ಬಾಗಿಲೇ ಜನರ ನಿದ್ದೆ ಕೆಡಿಸಿತ್ತು.

ಈಗಿನ ಯಂತ್ರಕ್ಕೆ ಆ ಕಾಯುವಿಕೆ ಬೇಕಿಲ್ಲ. ಬಾಗಿಲು ಕಿತ್ತುಹಾಕಿ ಎಂದು ಮ್ಯಾನೇಜರ್ ಮೊದಲ ದಿನದಿಂದ ಹೇಳುತ್ತಿದ್ದರು. ಇವನು ಬಿಟ್ಟಿರಲಿಲ್ಲ. ಚಿಕ್ಕವನಿದ್ದಾಗ ಅಕ್ಕನ ಜೊತೆ ಒಂದೇ ಕಂಬಳಿಯೊಳಗೆ ಕೂತು ಆ ಆಟ ಆಡಿದವನು. ಆಡುತ್ತಿದ್ದವಳು ಅಕ್ಕ, ಬಾಗಿಲು ತೆರೆಯುವಾಗ ಅವಳ ತೋಳು ಕಚ್ಚುವುದಷ್ಟೇ ಇವನ ಪಾಲಿನ ಕೆಲಸ. ಅಕ್ಕ ಈಗಲೂ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದಳು, "ಏನ್ ಬೇಕಾದ್ರೂ ಬದಲಾಯಿಸ್ಕೊಳ್ಳಿ, ಆ ಬಾಗಿಲು ಮಾತ್ರ ಹಾಗೇ ಇರ್ಲಿ ಕಣೋ." ಇರುತ್ತೆ ಅಕ್ಕ ಎಂದು ಇವನು ಮಾತು ಕೊಟ್ಟಿದ್ದ. ಆಫೀಸಿನಲ್ಲಿ ಎಲ್ಲರೂ ಅವನನ್ನು ಬಾಗಿಲಣ್ಣ ಎಂದೇ ಕರೆಯುತ್ತಿದ್ದರು.

ಆ ಬಾಗಿಲಿನ ಹಣೆಬರಹ ಇವತ್ತು ತೀರ್ಮಾನವಾಗಬೇಕಿತ್ತು. ಹಳೆಯ ಆಟದ ಹಕ್ಕು ಕೊಂಡಿದ್ದ ದೊಡ್ಡವರು ಬರುತ್ತಾರೆ. ಹೊರಗಿನವರೊಬ್ಬರು ಅವರೆದುರು ಆಡುತ್ತಾರೆ. ಆಡುವವರ ಕೈಗೆ ಎದೆಬಡಿತ ಅಳೆಯುವ ಪಟ್ಟಿ ಕಟ್ಟಿರುತ್ತದೆ. ಎದೆ ಹಾರಿದ ಕಡೆ ಆಟ ಹಾಗೇ ಉಳಿಯುತ್ತದೆ, ಹಾರದ ಕಡೆ ಕತ್ತರಿ. ಮನೆಯ ಸಾಮಾನು ಕೋಣೆಯ ಬಾಗಿಲಿನಿಂದ ಇವನು ಹಿಡಿದಿಟ್ಟುಕೊಂಡಿದ್ದ ಸದ್ದಿನ ಕೊನೆಯಲ್ಲಿ ಅತ್ತೆಯವರು ಸೀನಿಬಿಟ್ಟಿದ್ದರು. ಬೆಳಗ್ಗೆ ಮನೆ ಶಾಂತವಾಗಿದ್ದಾಗ ಇನ್ನೊಮ್ಮೆ ಹಿಡಿಯೋಣ ಅಂದುಕೊಂಡರೆ, ಹೀಗೆ ಎಣ್ಣೆ.

ಆಫೀಸು ಮುಟ್ಟುವಷ್ಟರಲ್ಲಿ ಅವನ ತಲೆ ಕೆಟ್ಟು ಹೋಗಿತ್ತು. ಪರೀಕ್ಷೆಯ ಜವಾಬ್ದಾರಿ ಹೊತ್ತಿದ್ದ ಮೇಡಂ ಒಳಗೆ ಕಾಲಿಡುತ್ತಿದ್ದಂತೆ ಹಿಡಿದು ನಿಲ್ಲಿಸಿದರು.

"ಬಾಗಿಲಣ್ಣ, ಸ್ವಲ್ಪ ಕೈ ಕೊಡಿ, ಪಟ್ಟಿ ಕೆಲಸ ಮಾಡುತ್ತಾ ನೋಡ್ತೀನಿ." ಡಬ್ಬಿಯಿಂದ ಒಂದು ಕಪ್ಪು ಪಟ್ಟಿ ತೆಗೆದು ಅವನ ಕೈಗೆ ಬಿಗಿದರು. ಕಂಪ್ಯೂಟರಿನಲ್ಲಿ ಹಸಿರು ಗೆರೆ ಕುಣಿಯಿತು. "ಅಬ್ಬಾ, ಓಡ್ಕೊಂಡು ಬಂದ್ರಾ?"

"ಇಲ್ಲ, ಮಾವ ಎಣ್ಣೆ ಹಾಕಿದ್ರು."

ಮೇಡಂ ಅದರ ಅರ್ಥ ಕೇಳುವ ಮೊದಲೇ ಒಳಗಿನಿಂದ ಮ್ಯಾನೇಜರ್ ಕೂಗಿದರು. "ಬಾಗಿಲಣ್ಣಾ! ದೊಡ್ಡವರು ಬೇಗ ಬರ್ತಿದ್ದಾರೆ. ನಿಮ್ಮ ಬಾಗಿಲು ಸೀನುತ್ತಂತಲ್ಲ! ಸರಿಮಾಡಿ, ಓಡಿ!"

ಸದ್ದಿನ ಕೋಣೆಯ ಏಸಿ ಮೈ ಕೊರೆಯುವಂಥದ್ದು. ಬಾಗಿಲಣ್ಣ ಸ್ವೆಟರ್ ಹಾಕಿಕೊಂಡು ಅತ್ತೆಯವರ ಸೀನಿನ ಮೇಲೆ ಬಿದ್ದ. ಸೀನು ಕತ್ತರಿಸಿದರೆ ಬಾಗಿಲಿನ ಸದ್ದಿನ ಬಾಲವೂ ತುಂಡಾಗುತ್ತಿತ್ತು. ತಗ್ಗಿಸಿದ, ಎಳೆದ, ಗಾಳಿಯ ಸದ್ದಿನಡಿ ಹೂತ. ಕಡೆಗೆ ಕಿರ್ರ್ ಮುಗಿದ ಮೇಲೆ ಬಾಗಿಲ ಹಿಂದೆ ಯಾರೋ ಉಸಿರು ಎಳೆದುಕೊಂಡಂತೆ ಕೇಳಿಸಿತು. ಇದಕ್ಕಿಂತ ನನ್ನ ಕೈಲಾಗಲ್ಲ ಎಂದು ಕೈಬಿಟ್ಟ.

ಆಡಲು ಮ್ಯಾನೇಜರ್ ಕರೆತಂದಿದ್ದು ತಮ್ಮ ಅತ್ತಿಗೆಯನ್ನು. "ಮನೆಯವರಾದ್ರೂ ಕಂಪನಿಗೆ ಹೊರಗಿನವರೇ" ಎಂದು ಸಮಜಾಯಿಷಿ ಕೊಟ್ಟರು. ಅತ್ತಿಗೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹಿರಿಯ ನರ್ಸು. ಪ್ರಪಂಚದಲ್ಲಿ ಯಾವುದಕ್ಕೂ ಹೆದರದವರನ್ನು ಹುಡುಕಿ ತರಬೇಕೆಂದರೂ ಇದಕ್ಕಿಂತ ಒಳ್ಳೆಯ ಆಯ್ಕೆ ಸಿಗುತ್ತಿರಲಿಲ್ಲ. ಪರೀಕ್ಷೆ ಮೇಡಂ ಡಬ್ಬಿಯಿಂದ ಪಟ್ಟಿ ತೆಗೆದು ಅವರ ಕೈಗೆ ಕಟ್ಟಿದರು, ಗೆರೆ ಓಡುವುದನ್ನು ನೋಡಿ ತಲೆಯಾಡಿಸಿದರು. ದೊಡ್ಡವರು ಮೆತ್ತನೆಯ ಕುರ್ಚಿಯಲ್ಲಿ ಕೂತರು. ಆಟ ಶುರುವಾಯಿತು.

ಮೊದಲನೆಯ ಹೆಣ ಎದ್ದು ಬರುತ್ತಿದ್ದಂತೆ ನರ್ಸಮ್ಮ ಮುಂದಕ್ಕೆ ಬಾಗಿ ನೋಡಿದರು. "ಪಾಪ, ಇವನಿಗೆ ಕಾಮಾಲೆ ಇದೆ. ಯಾರೂ ನೋಡ್ಕೊಂಡಿಲ್ಲ."

ದೊಡ್ಡವರು ಕುರ್ಚಿಯಲ್ಲಿ ಹೊರಳಿದರು. "ಇಷ್ಟು ಕತ್ತಲೆ ಯಾಕ್ರೀ? ಗೋಡೆ ಮೇಲೆ ಅಷ್ಟು ಚೆನ್ನಾಗಿ ಪಾಚಿ ಬರ್ದಿದ್ದೀರಿ, ಕಾಣೋದೇ ಇಲ್ಲ. ಬೆಳಕು ಹಾಕಿ."

"ಈಗ್ಲೇ ಸಾರ್" ಎಂದರು ಮ್ಯಾನೇಜರ್. ಪ್ರೋಗ್ರಾಮರ್ ಕೀಲಿಮಣೆ ಕುಟ್ಟಿದ. ದೆವ್ವದ ಆಸ್ಪತ್ರೆ ಒಡವೆ ಅಂಗಡಿಯಂತೆ ಝಗಝಗಿಸಿತು. ಬಾಗಿಲಣ್ಣ ಹಲ್ಲು ಕಚ್ಚಿದ.

ನರ್ಸಮ್ಮ ದಾರಿ ತಪ್ಪಿ ಅದೇ ವಾರ್ಡಿಗೆ ಮತ್ತೆ ಬಂದರು. "ಈಗಿನವರು ದಾರಿ ತಪ್ಪಿದ್ರೆ ಆಟ ಬಿಟ್ಟು ಹೋಗ್ತಾರೆ" ಎಂದರು ದೊಡ್ಡವರು. "ನೆಲದ ಮೇಲೆ ಬಾಣದ ಗುರುತು ಹಾಕಿ. ಹಳದಿ ಬಣ್ಣದ್ದು."

"ಸಾರ್, ದಾರಿ ತಪ್ಪೋದೇ ಅಲ್ಲಿ ಭಯ..." ಬಾಗಿಲಣ್ಣ ಬಾಯಿ ತೆರೆದ. ಮ್ಯಾನೇಜರ್ ಅವನ ಕಾಲು ತುಳಿದರು. ಹಳದಿ ಬಾಣಗಳು ಬಂದವು.

ಅಷ್ಟಕ್ಕೇ ಮುಗಿಯಲಿಲ್ಲ. ಹೆಣವೊಂದು ಮಂಚದ ಕೆಳಗಿಂದ ನುಗ್ಗಿದ್ದಕ್ಕೆ ದೊಡ್ಡವರೇ ಬೆಚ್ಚಿಬಿದ್ದು, ಹಾಗೆ ಬೆಚ್ಚಿದ್ದಕ್ಕೆ ಸಿಟ್ಟಾದರು. "ಹೇಳದೆ ಕೇಳದೆ ಬಂದ್ರೆ ಹೇಗ್ರೀ? ಒಂದು ಹೆಣ್ಣು ದನಿ ಇಡಿ. ಎಚ್ಚರಿಕೆ, ಮುಂದೆ ದೆವ್ವ ಇದೆ, ಅಂತ ಮೊದಲೇ ಹೇಳ್ಲಿ."

ದನಿ ಕೊಡಲು ಪರೀಕ್ಷೆ ಮೇಡಂ ಸಿಕ್ಕರು. ಮೈಕು ಹಿಡಿಯಬೇಕಾದವನು ಬಾಗಿಲಣ್ಣನೇ. "ಎಚ್ಚರಿಕೆ, ಮುಂದೆ ದೆವ್ವ ಇದೆ, ದಯವಿಟ್ಟು ಎಡಕ್ಕೆ ಸರಿಯಿರಿ" ಎಂದು ಮೇಡಂ ನಯವಾಗಿ ಹೇಳುತ್ತಿದ್ದರೆ ಅವನ ಕಿವಿಯೊಳಗೆ ರಕ್ತ ಗುಂಯ್‌ಗುಟ್ಟಿತು. ಕಂಬಳಿಯೊಳಗೆ ನಡುಗಿದ್ದ ಆಟವನ್ನು ಕಣ್ಣೆದುರೇ ಕೊಲ್ಲುತ್ತಿದ್ದರು, ಅದಕ್ಕೆ ಇವನೇ ಮೈಕು ಹಿಡಿದಿದ್ದ. ಆ ಮೈಕನ್ನು ಎತ್ತಿ ಯಾರ ತಲೆಗೆ ಮೊದಲು ಕುಟ್ಟಲಿ ಎಂದು ಅವನು ಯೋಚಿಸಿದ್ದು ನಿಜ.

ಕಡೆಗೂ ಬಾಗಿಲು ಬಂತು. ಪರದೆ ಕಪ್ಪಾಯಿತು. ಬೆಳಕಿಲ್ಲ, ಬಾಣವಿಲ್ಲ, ದನಿಯಿಲ್ಲ. ಕಿರ್ರ್... ಎಂದು ಮನೆಯ ಸಾಮಾನು ಕೋಣೆಯ ಬಾಗಿಲು ಆಸ್ಪತ್ರೆಯ ಬಾಗಿಲಾಗಿ ತೆರೆಯತೊಡಗಿತು. ಬಾಗಿಲಣ್ಣ ಕಣ್ಣು ಮುಚ್ಚಿದ. ಬೆಳಗಿನಿಂದ ಮೊದಲ ಸಲ ಅವನ ಮೈ ಸಡಿಲವಾಯಿತು. ಅಕ್ಕನ ತೋಳು, ಕಂಬಳಿಯ ಬೆಚ್ಚಗಿನ ವಾಸನೆ, ಎಲ್ಲ ನೆನಪಾಗಿ ಮನಸ್ಸಿಗೆ ಹಾಯೆನಿಸಿತು.

ಆಟ ಮುಗಿದ ಮೇಲೆ ಮೇಡಂ ಎದೆಬಡಿತದ ಗೆರೆಯನ್ನು ಗೋಡೆಯಗಲ ಮೂಡಿಸಿದರು. ಎಲ್ಲರೂ ಬಾಯಿ ಬಿಟ್ಟು ನೋಡಿದರು. ಗೆರೆ ಮೇಲೆ ಮೇಲೆ ಹಾರಿತ್ತು.

"ಈ ಬೆಟ್ಟ ಎಲ್ಲಿ ಬಂತು?" ಎಂದರು ದೊಡ್ಡವರು.

"ನೀವು ಬೆಳಕು ಹಾಕಿಸಿದ ಕಡೆ ಸಾರ್."

"ಇದು?"

"ಬಾಣ ಸಾರ್. ಆ ಎತ್ತರದ್ದು ಎಚ್ಚರಿಕೆ ದನಿ."

ದೊಡ್ಡವರು ಅರಳಿದರು. "ನಾನು ಹೇಳ್ಲಿಲ್ವಾ? ಇಷ್ಟು ವರ್ಷ ಸುಮ್ನೆ ಕತ್ತಲಲ್ಲಿ ಆಡಿಸಿದ್ದಾರೆ ಜನರನ್ನ. ಇದೇನು ಇಲ್ಲಿ, ಮಲಗಿಬಿಟ್ಟಿದೆ?"

"ಅದು ಬಾಗಿಲು ಸಾರ್" ಎಂದರು ಮ್ಯಾನೇಜರ್, ಬಾಗಿಲಣ್ಣನನ್ನು ನೋಡದೆ.

"ತೆಗೆದುಹಾಕಿ."

"ರೀ, ನಿಲ್ಲಿ" ಎಂದರು ನರ್ಸಮ್ಮ. "ನಾನು ಹೆದರಿದ್ದೇ ಅಲ್ಲಿ! ಬಾಗಿಲ ಹಿಂದೆ ಯಾರೋ ಉಸಿರು ಎಳ್ಕೊಂಡ ಹಾಗಾಯ್ತು. ಈ ವಯಸ್ಸಲ್ಲಿ ಎದೆ ಬಾಯಿಗೆ ಬಂತು. ಉಳಿದಿದ್ದೆಲ್ಲ ನಮ್ಮ ವಾರ್ಡಲ್ಲಿ ದಿನಾ ನೋಡ್ತೀನಿ."

"ಅತ್ತಿಗೆ, ಯಂತ್ರ ಸುಳ್ಳು ಹೇಳುತ್ತಾ?"

"ಈ ಯಂತ್ರ ಏನೂ ಹೇಳ್ತಿಲ್ಲ. ದೀಪಾನೇ ಹತ್ತಿಲ್ಲ ನೋಡಿ." ನರ್ಸಮ್ಮ ಕೈ ಎತ್ತಿ ತೋರಿಸಿದರು. ಪಟ್ಟಿ ಸತ್ತು ಕೂತಿತ್ತು.

ಆಗ ಬಾಗಿಲಣ್ಣನಿಗೆ ಸ್ವೆಟರಿನೊಳಗೆ ಕೈ ತುರಿಸುತ್ತಿರುವುದು ಗಮನಕ್ಕೆ ಬಂತು. ತೋಳು ಮೇಲೆಳೆದ. ಬೆಳಗ್ಗೆ ಕಟ್ಟಿದ ಪಟ್ಟಿ ಅಲ್ಲೇ ಇತ್ತು, ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು. ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಬಾಗಿಲು ಉಳಿಯಿತು!

"ಸಾರ್! ಆ ಗೆರೆ ಅವರದ್ದಲ್ಲ, ನನ್ನದು! ಪಟ್ಟಿ ನನ್ನ ಕೈಯಲ್ಲಿದೆ! ಪರೀಕ್ಷೆ ಲೆಕ್ಕಕ್ಕಿಲ್ಲ!"

ಮೇಡಂ ನಾಲಿಗೆ ಕಚ್ಚಿಕೊಂಡರು. ದೊಡ್ಡವರು ಗೋಡೆಯನ್ನೂ ಅವನನ್ನೂ ನೋಡಿದರು. ಆಮೇಲೆ ಎದ್ದು ಬಂದು ಅವನ ಬೆನ್ನಿಗೆ ಬಲವಾಗಿ ಬಾರಿಸಿದರು.

"ಶಭಾಷ್! ಆಟ ಮಾಡಿದವರು ನೀವು, ದಿನಾ ನೋಡ್ತೀರಿ. ನಿಮಗೇ ಇಷ್ಟು ಭಯ ಆಗಿದೆ ಅಂದ್ರೆ ಹೊಸಬರ ಗತಿ ಏನು! ಆ ಬಾಗಿಲಿಗೆ ನಿಮ್ಮ ಎದೆಯೇ ಅಲುಗಾಡಿಲ್ಲ ಅಂದ್ಮೇಲೆ ಅದು ಇದ್ದು ಏನು ಪ್ರಯೋಜನ?"

"ಅಯ್ಯೋ, ಅದು ಭಯ ಅಲ್ಲ ಸಾರ್!"

"ಮತ್ತೇನು?"

ಬಾಗಿಲಣ್ಣ ಬಾಯಿ ತೆರೆದ. ಸಿಟ್ಟು ಸಾರ್, ನಿಮ್ಮ ಮೇಲೆ, ನಿಮ್ಮ ಬೆಳಕಿನ ಮೇಲೆ, ನಿಮ್ಮ ಹಳದಿ ಬಾಣದ ಮೇಲೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ದೊಡ್ಡವರ ಬೆನ್ನ ಹಿಂದೆ ನಿಂತ ಮ್ಯಾನೇಜರ್ ಎರಡೂ ಕೈ ಜೋಡಿಸಿ, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು. ಇಡೀ ಆಫೀಸು ಅವನ ಬಾಯಿಯನ್ನೇ ನೋಡುತ್ತಿತ್ತು.

"ಭಯಾನೇ ಸಾರ್" ಎಂದ.

ಗೋಡೆಯ ಮೇಲೆ ಇನ್ನೂ ಓಡುತ್ತಲೇ ಇದ್ದ ಹಸಿರು ಗೆರೆ ಅದುವರೆಗಿನ ಎಲ್ಲಕ್ಕಿಂತ ಎತ್ತರಕ್ಕೆ ನೆಗೆಯಿತು.

"ನೋಡಿ, ನೆನೆಸ್ಕೊಂಡ್ರೇ ಹೀಗೆ!" ಎಂದು ದೊಡ್ಡವರು ಚಪ್ಪಾಳೆ ತಟ್ಟಿದರು. ಪ್ರೋಗ್ರಾಮರ್ ಒಂದು ಗುಂಡಿ ಒತ್ತಿದ, ಬಾಗಿಲು ಹೋಯಿತು.

ಸಂಜೆ ಮನೆ ಸೇರುವಾಗಲೇ ಅಕ್ಕನ ಫೋನ್ ಬಂತು. ಹೆಂಡತಿಯೆದುರು ಅಳುವುದು ಬೇಡವೆಂದು ಅವನು ಸಾಮಾನು ಕೋಣೆಯ ಕಡೆ ನಡೆದ.

"ಏನಾಯ್ತೋ? ಬಾಗಿಲು ಇದೆ ತಾನೇ?"

"ಅಕ್ಕ, ಏನು ಹೇಳ್ಲಿ..." ಎನ್ನುತ್ತಾ ಬಾಗಿಲು ತಳ್ಳಿದ. ಒಂದಿಷ್ಟೂ ಸದ್ದಿಲ್ಲದೆ ಅದು ತೆರೆದುಕೊಂಡಿತು. ಒಳಗಿನ ಕತ್ತಲಲ್ಲಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ, ಎಣ್ಣೆ ಡಬ್ಬಿ ಹಿಡಿದು ಮಾವನವರು ನಿಂತಿದ್ದರು.

ಬಾಗಿಲಣ್ಣ ಬೀದಿಗೆಲ್ಲ ಕೇಳಿಸುವಂತೆ ಕಿರುಚಿದ. ಮಾವನವರೂ ಕಿರುಚಿದರು. ನೆಲಕ್ಕೆ ಬಿದ್ದ ಫೋನಿನಿಂದ ಅಕ್ಕನ ಸಂತೋಷದ ದನಿ ಕೇಳುತ್ತಿತ್ತು.

"ಅಬ್ಬಾ, ಅಷ್ಟು ಚೆನ್ನಾಗಿ ಬಂದಿದ್ಯೇನೋ ಬಾಗಿಲು!"