ಹುಡುಕಿ ಬದಲಿಸಿದ ಸೋದರಮಾವ

ಕಂಪ್ಯೂಟರ್ ಕಲಿಸುವವರಿಗೆ ಕಂಪ್ಯೂಟರ್ ಬರುತ್ತದೆ ಎಂದು ಜನ ನಂಬಿರುವುದರಿಂದಲೇ ನನ್ನ ಬದುಕು ಮರ್ಯಾದೆಯಿಂದ ಸಾಗಿದೆ. ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು ಮನೆಯಲ್ಲೂ ಆ ನಂಬಿಕೆಗೆ ಧಕ್ಕೆ ಬಾರದಂತೆ ನೋಡಿಕೊಂಡಿದ್ದೆ, ತಮ್ಮನ ಮದುವೆಯ ತನಕ. ಆಮಂತ್ರಣಕ್ಕೊಂದು ವೆಬ್ ಪುಟ ಮಾಡುತ್ತೇನೆಂದು ನಾನೇ ಮೈಮೇಲೆ ಎಳೆದುಕೊಂಡೆ. ಅರ್ಧ ಕೋಡ್ ನಾನು ಬರೆದೆ, ಅರ್ಧ ಮುದ್ದೇಬಿಹಾಳದ ಗೆಳತಿ ಶಾಹೀನ್ ಬರೆದಳು. ಊರು, ಜನರ ಹೆಸರುಗಳನ್ನು ನಾನು ಡಬಲ್ ಕೋಟಿನಲ್ಲಿ, ಅಂದರೆ ಜೋಡಿ ಉದ್ಧರಣ ಚಿಹ್ನೆಯಲ್ಲಿ, ಇಡುವವಳು, ಅವಳು ಸಿಂಗಲ್ ಕೋಟಿನಲ್ಲಿ. ಪುಟಕ್ಕೆ ಎರಡೂ ಒಂದೇ ಆದ್ದರಿಂದ ಯಾರಿಗೂ ತಕರಾರಿರಲಿಲ್ಲ.

ಅಷ್ಟರಲ್ಲಿ ಸಿಂದಗಿಯ ಮಂಗಲ ಕಾರ್ಯಾಲಯ ಕೈಕೊಟ್ಟು ಮದುವೆ ಇಂಡಿಗೆ ವರ್ಗವಾಯಿತು. ಸಿಂದಗಿ ಇದ್ದಲ್ಲೆಲ್ಲ ಇಂಡಿ ಮಾಡಿದರಾಯಿತು, ಕೋಡ್ ಬರೆಯುವ ಎಡಿಟರಿನಲ್ಲಿ ಅದಕ್ಕೆ ಗುಂಡಿಯೇ ಇದೆ. ಆದರೆ ನಮ್ಮ ಕಡೆ ಊರೆಂದರೆ ಬರೀ ಊರಲ್ಲ, ಜನರ ಅಡ್ಡಹೆಸರೂ ಹೌದು. ನನ್ನ ತವರಿನವರು ದೇವಣಗಾಂವ. ಗಂಡನ ಮನೆಯವರು ಇಂಡಿ, ಇಂಡಿಯಲ್ಲಿ ಅವರಿಗೆ ಒಂದು ಗುಂಟೆ ಜಾಗವಿಲ್ಲದಿದ್ದರೂ. ಸೋದರಮಾವ ಮಲ್ಲಪ್ಪ ಸಿಂದಗಿ. ಇವರೆಲ್ಲರ ಹೆಸರೂ ಆಮಂತ್ರಣದಲ್ಲಿತ್ತು. ಈ ಮಾಮಾನಿಗೂ ನನ್ನ ಯಜಮಾನರಿಗೂ ನನ್ನ ಮದುವೆಯ ಪಂಕ್ತಿಯಲ್ಲಿ ಏನೋ ಆಗಿ ಅಂದಿನಿಂದ ಮಾತಿಲ್ಲ. ಹಾಗಾಗಿ ಮಾಮಾನಿಗೆ ಕೈ ತಗಲಬಾರದೆಂದು, ಡಬಲ್ ಕೋಟಿನ ನಡುವೆ, ಹಿಂದೆ ಯಾರ ಹೆಸರೂ ಇಲ್ಲದೆ ಒಂಟಿಯಾಗಿರುವ ಸಿಂದಗಿಯನ್ನಷ್ಟೇ ಹುಡುಕಿ ಬದಲಿಸಿದೆ.

ನನ್ನ ಜಾಣತನಕ್ಕೆ ನಾನೇ ಬೀಗುತ್ತಿರುವಾಗ ಶಾಹೀನ್ ಫೋನ್ ಮಾಡಿದಳು. ಮೇಲೆ ಇಂಡಿ ಇದೆಯಂತೆ, ನಕ್ಷೆಯಲ್ಲಿ ಇನ್ನೂ ಸಿಂದಗಿಯಂತೆ. ಅವಳ ಸಿಂಗಲ್ ಕೋಟಿನವು ನನ್ನ ಹುಡುಕಾಟಕ್ಕೆ ಸಿಕ್ಕೇ ಇರಲಿಲ್ಲ. ಸಿಂಗಲ್ ಕೋಟ್ ಹಾಕಿ ಹುಡುಕಿದೆ. ಆದರೂ ಒಂದು ಸಿಂದಗಿ ಕಣ್ಣೆದುರೇ ಕೂತಿದ್ದರೂ ಎಡಿಟರ್ ಇಲ್ಲವೆಂದೇ ಹೇಳುತ್ತಿತ್ತು. ವರ್ಡ್‌ನಿಂದ ತಂದು ಅಂಟಿಸಿದ್ದರಿಂದ ಅಲ್ಲಿಯ ಕೋಟುಗಳು ಕೊಕ್ಕೆಯಂತೆ ಬಾಗಿದ್ದವು. ನನಗೆ ಕೋಟೆಲ್ಲ ಒಂದೇ, ಎಡಿಟರಿಗೆ ಒಂದೊಂದೂ ಬೇರೆ ಜಾತಿ. ಸಿಟ್ಟು ನೆತ್ತಿಗೇರಿತು. ಕೋಟುಗಳ ಗೊಡವೆಯೇ ಬೇಡವೆಂದು ಬರೀ ಸಿಂದಗಿ ಎಂದು ಕೊಟ್ಟು, ‘ಎಲ್ಲವನ್ನೂ ಬದಲಿಸು’ ಒತ್ತಿ, ಪುಟವನ್ನು ಬಳಗದ ಗ್ರೂಪಿಗೆ ಹಾಕಿ ಚಹಾ ಇಡಲು ಹೋದೆ.

ಚಹಾ ಕುದಿಯುವ ಮೊದಲೇ ಮಾಮಾನ ಫೋನ್ ಬಂತು.

“ಸವಿತಾ, ನನ್ನ ನಿಮ್ಮ ಅತ್ತಿ ಮನಿಗೆ ದತ್ತಕ ಕೊಟ್ಟೀಯೇನವಾ? ಮಲ್ಲಪ್ಪ ಇಂಡಿ ಅಂತ ಐತಿ ಇಲ್ಲಿ. ಮದವಿಗೆ ಅವರನ್ನ ಕರಕೋರಿ, ನಾ ಬರಂಗಿಲ್ಲ.”

ನಮ್ಮಲ್ಲಿ ಸೋದರಮಾವನಿಲ್ಲದೆ ಮದುವೆಯ ಕಾರ್ಯ ಮುಂದೆ ಸಾಗದು. ಆ ಗಾಬರಿಯಲ್ಲಿ ಇಂಡಿಯನ್ನೆಲ್ಲ ಮರಳಿ ಸಿಂದಗಿ ಮಾಡಿದೆ. ಮದುವೆ ಸಿಂದಗಿಗೆ ವಾಪಸು ಹೋಯಿತು, ಜೊತೆಗೆ ನನ್ನ ಯಜಮಾನರೂ ಅತ್ತೆಯೂ ಸಿಂದಗಿಯಾದರು. ಪಕ್ಕದಲ್ಲೇ ಮೊಬೈಲ್ ನೋಡುತ್ತಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡು ನನ್ನನ್ನೊಮ್ಮೆ ನೋಡಿ, ಪುಟವನ್ನು ಮತ್ತೆ ಮೇಲಿನಿಂದ ಓದತೊಡಗಿದರು.

ಕೊನೆಗೆ ಶಾಹೀನ್ ನನ್ನನ್ನು ಕೀಬೋರ್ಡ್ ಮುಟ್ಟಬೇಡವೆಂದು ಗದರಿ, ಕೋಟು ಯಾವುದಾದರೂ ಸರಿ, ನಡುವೆ ಒಂಟಿ ಊರಿರಬೇಕು ಎಂಬಂಥ ಹುಡುಕಾಟದ ಸಾಲೊಂದನ್ನು ಬರೆದು ಮದುವೆಯನ್ನು ಇಂಡಿಗೆ ತಲುಪಿಸಿದಳು. ನಮ್ಮ ಮನೆಯವರನ್ನು ನಾನು ಒಬ್ಬೊಬ್ಬರನ್ನಾಗಿ ಕೈಯಿಂದಲೇ ಸರಿಮಾಡಿದೆ. ಮಾಮಾನಿಗೆ ಫೋನಿನಲ್ಲಿ ಅತ್ತು ಕರೆದೆ.

ಮದುವೆಯ ದಿನ ಮಾಮಾ ಬಂದರು. ಕಾರ್ಯಾಲಯದ ಬಾಗಿಲಲ್ಲಿ ನಿಂತಿದ್ದ ನನ್ನ ಯಜಮಾನರನ್ನು ಕಂಡು, “ನಮಸ್ಕಾರ್ರಿ, ಸಿಂದಗಿಯವರ” ಎಂದರು.

“ಬರ್ರಿ, ಇಂಡಿಯವರ” ಎಂದರು ಇವರು.

ಇಬ್ಬರೂ ನಕ್ಕು ಒಟ್ಟಿಗೆ ಊಟಕ್ಕೆ ಕೂತರು. ಇಷ್ಟು ವರ್ಷ ನಾನು ಸಂಧಾನ ಮಾಡಿ ಆಗದ್ದು ಆಗಿತ್ತು. ನಾನು ತುಪ್ಪ ಬಡಿಸುವಾಗ ಮಾಮಾ, ಒಬ್ಬರ ಅಡ್ಡಹೆಸರನ್ನು ಅವರನ್ನು ಕೇಳದೆ ಬದಲಿಸಬಾರದೆಂದು ಬುದ್ಧಿ ಹೇಳಿದರು. ಹೌದೆಂದೆ. ಸವಿತಾ ದೇವಣಗಾಂವ ರಾತ್ರಿ ಕಳೆದು ಬೆಳಗಾಗುವುದರಲ್ಲಿ ಸವಿತಾ ಇಂಡಿ ಆದಾಗ ಇದೇ ಮಾಮಾ ಅಕ್ಷತೆ ಹಾಕಿ ಹೀಗೆಯೇ ತುಪ್ಪ ಹಾಕಿಸಿಕೊಂಡಿದ್ದರು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಎದುರು ಕೂತಿದ್ದ ಹೊಸ ಮದುಮಗಳು ಕಣ್ಣಿಗೆ ಬಿದ್ದಳು. ತವರಿನ ಅಡ್ಡಹೆಸರಿನಿಂದ ಸಾಲೋಟಗಿಯಾಗಿದ್ದ ಅವಳನ್ನು ಬೆಳಿಗ್ಗೆಯೇ ಪುಟದಲ್ಲಿ ದೇವಣಗಾಂವ ಮಾಡಿದವಳು ನಾನು. ಅವಳನ್ನು ಕೇಳಿರಲಿಲ್ಲ. ಸುಮ್ಮನೆ ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿದೆ.