ನಿಕ್ಕಿ, ಬೇಬಿ ಮತ್ತು ಫ್ಯೋದರನ ಹೆಣ್ಣುಮಕ್ಕಳು

ಒಬ್ಬರ ಹೆಸರನ್ನು ಇನ್ನೊಬ್ಬರಿಗೆ ಅಂಟಿಸಿ ಪೇಚಿಗೆ ಸಿಕ್ಕಿಕೊಳ್ಳುವುದು ಎಲ್ಲರಿಗೂ ವರ್ಷಕ್ಕೆ ಒಂದೆರಡು ಸಲ ಆಗುತ್ತದೆ. ಎಂಬತ್ತರ ದಶಕದಲ್ಲಿ ಆರು ತಿಂಗಳು ನನಗೆ ಅದೇ ಉದ್ಯೋಗವಾಗಿತ್ತು. ಸಂಬಳವನ್ನೂ ಕೊಡುತ್ತಿದ್ದರು.

ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕಾಲೇಜಿನ ಲೈಬ್ರರಿಗೆ ಯಾರೋ ರಷ್ಯಾದ ರಾಜಮನೆತನದ ಫೋಟೋಗಳನ್ನು ಪೆಟ್ಟಿಗೆಗಟ್ಟಲೆ ದಾನ ಕೊಟ್ಟಿದ್ದರು. ಯಾವ ಫೋಟೋದಲ್ಲಿ ಯಾರಿದ್ದಾರೆ ಎಂದು ನೋಡಿ, ತಲೆಗೊಂದು ಕಾರ್ಡು ಬರೆದು, ಡ್ರಾಯರಿನಲ್ಲಿ ಜೋಡಿಸುವುದು ನನ್ನ ಕೆಲಸ. ಮೈಸೂರಿನಲ್ಲಿ ಚರಿತ್ರೆಯಲ್ಲಿ ಎಂ.ಎ. ಮಾಡಿದವಳು ಅದಕ್ಕೆ ಮುಂಚೆ ಮೂರು ವರ್ಷ ಹೇವರ್ಡ್‌ನ ಗೋದಾಮಿನಲ್ಲಿ ಬೂಟಿನ ಡಬ್ಬಗಳಿಗೆ ಚೀಟಿ ಅಂಟಿಸಿದ್ದೆ. ಆರು ತಿಂಗಳಲ್ಲಿ ಕಾರ್ಡುಗಳು ಸರಿಯಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಮತ್ತೆ ಬೂಟಿನ ಡಬ್ಬ.

ಸರಿಯೋ ತಪ್ಪೋ ಹೇಳಲು ಲೈಬ್ರರಿಯವರು ಎಂಬತ್ತು ದಾಟಿದ ಒಬ್ಬ ರಷ್ಯನ್ ಅಜ್ಜಿಯನ್ನು ಗೊತ್ತುಮಾಡಿದ್ದರು. ಅಜ್ಜಿಯ ಅಪ್ಪ ಅರಮನೆಯ ಕುದುರೆಗಳ ವೈದ್ಯರಾಗಿದ್ದರಂತೆ. ಆಕೆ ಪ್ರತಿ ಗುರುವಾರ ಟೋಪಿ ಧರಿಸಿ ಬಂದು, ನನ್ನೆದುರು ಕೂತು, ವಾರವಿಡೀ ನಾನು ಬರೆದದ್ದನ್ನು ಮುಖದಲ್ಲಿ ಏನೂ ತೋರಿಸದೆ ಓದುತ್ತಿದ್ದರು. ಕೊನೆಯಲ್ಲಿ ಸಹಿ ಹಾಕಬೇಕಾದವರೂ ಅವರೇ.

೧. ಒಳಗೂ ಹೊರಗೂ

ಮೊದಲ ವಾರವೇ ನಾನು ಜಾಣತನ ತೋರಿಸಿದೆ. ಫೋಟೋಗಳ ಹಿಂದೆ ನಿಕೊಲಾಯ್ ನಿಕೊಲಾಯೆವಿಚ್ ಎಂದು ಎಲ್ಲೆಲ್ಲಿ ಬರೆದಿತ್ತೋ ಅಷ್ಟನ್ನೂ ಒಂದೇ ಕಾರ್ಡಿಗೆ ಸೇರಿಸಿದೆ. ನಿಕ್ಕಿ ಎಂಬ ಹುಡುಗನಿಗೆ ಒಂದು ಕಾರ್ಡು, ಕೊನೆಯ ಚಕ್ರವರ್ತಿ ನಿಕೊಲಾಯ್‌ಗೆ ಇನ್ನೊಂದು ಕಾರ್ಡು ಮಾಡಿದೆ.

ಅಜ್ಜಿ ನಿಕ್ಕಿಯ ಕಾರ್ಡನ್ನು ಎತ್ತಿ ಚಕ್ರವರ್ತಿಯ ಕಾರ್ಡಿನ ಮೇಲಿಟ್ಟರು. "ಈ ಹುಡುಗ ದೊಡ್ಡವನಾಗಿ ಇವನಾದ," ಎಂದರು. ಆಮೇಲೆ ಒಂದು ಫೋಟೋ ನನ್ನ ಕಡೆ ತಳ್ಳಿದರು.

"ಇದು ಏನು?"

"ಶವಯಾತ್ರೆ, ಮೇಡಂ."

"ಪೆಟ್ಟಿಗೆಯ ಒಳಗೆ ಯಾರು?"

"ನಿಕೊಲಾಯ್ ನಿಕೊಲಾಯೆವಿಚ್."

"ಪಕ್ಕದಲ್ಲಿ ಟೋಪಿ ತೆಗೆದು ನಿಂತವರು?"

ಫೋಟೋ ತಿರುಗಿಸಿ ಓದಿದೆ. "ನಿಕೊಲಾಯ್ ನಿಕೊಲಾಯೆವಿಚ್."

"ನಿಮ್ಮ ಕಾರ್ಡಿನ ಪ್ರಕಾರ ಇಬ್ಬರೂ ಒಬ್ಬರೇ. ತಮ್ಮ ಶವಯಾತ್ರೆಗೆ ತಾವೇ ಬಂದಿದ್ದಾರೆ. ಸೈನ್ಯದವರು, ಶಿಸ್ತು ಜಾಸ್ತಿ."

ಅಪ್ಪ ಮಗ ಇಬ್ಬರಿಗೂ ಅದೇ ಹೆಸರಂತೆ. ಆ ಮನೆಯಲ್ಲಿ ಬಳಕೆಯಲ್ಲಿದ್ದದ್ದು ಹತ್ತು ಹನ್ನೆರಡು ಹೆಸರು, ಅದನ್ನೇ ತಿರುಗಿಸಿ ತಿರುಗಿಸಿ ಇಡುತ್ತಿದ್ದರು. ಗುರುತು ಸಿಗಬೇಕಲ್ಲ, ಅದಕ್ಕೆ ಒಬ್ಬ ನಿಕ್ಕಿ, ಒಬ್ಬ ನಿಕೊಲಾಶಾ, ಇನ್ನೊಬ್ಬ ನಿಕೊಲಾಯ್‌ಗೆ ಬಿಂಬೋ. ನಮ್ಮಲ್ಲೂ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ, ಆದರೆ ಮಾವನ ಹೆಸರು ಹಿಡಿದು ಮಗನನ್ನು ಬೈಯಲು ಸೊಸೆಗೆ ಬಾಯಿ ಬರುವುದಿಲ್ಲ, ಹಾಗಾಗಿ ಅವನು ಪುಟ್ಟ ಆಗಿಬಿಡುತ್ತಾನೆ ಎಂದೆ.

ಅಜ್ಜಿ ಯೋಚಿಸಿ ಕೇಳಿದರು. "ಹಾಗಾದರೆ ನಿಮ್ಮಲ್ಲಿ ಮುದ್ದಿನ ಹೆಸರು ಇರುವುದು ಬೈಯುವುದಕ್ಕೆ?"

"ಮುದ್ದಿಗೂ ಆಗುತ್ತದೆ, ಮೇಡಂ. ಪುರುಸೊತ್ತು ಸಿಕ್ಕಿದಾಗ."

೨. ಎಲ್ಲೂ ಕಾಣದ ಮಾವ

ಅಷ್ಟು ಹೊತ್ತಿಗೆ ನಾನು ಒಂದು ಸೂತ್ರ ಕಲಿತಿದ್ದೆ. ರಷ್ಯಾದ ಹೆಂಗಸಿನ ಎರಡನೆಯ ಹೆಸರು ಅವಳ ಅಪ್ಪನದು. ನಮ್ಮ ಇನಿಷಿಯಲ್ ಇದ್ದ ಹಾಗೆ, ಅವರು ಅದನ್ನು ಬಿಡಿಸಿ ಪೂರ್ತಿ ಬರೆಯುತ್ತಾರೆ, ಅಷ್ಟೇ. ಆ ಮನೆಯ ಸೊಸೆಯರಲ್ಲಿ ಐದು ಜನಕ್ಕೆ ಫ್ಯೋದರೋವ್ನಾ ಎಂದಿತ್ತು (ಹಳಬರದು ಬಣ್ಣದ ಚಿತ್ರ ನೋಡಿ ತೆಗೆದ ಫೋಟೋ). ಇಬ್ಬರು ಮರಿಯಾ, ಇಬ್ಬರು ಅಲೆಕ್ಸಾಂಡ್ರಾ, ಒಬ್ಬಳು ಎಲಿಜವೆತಾ. ಸರಿ, ಐವರೂ ಫ್ಯೋದರ್ ಎಂಬುವರ ಹೆಣ್ಣುಮಕ್ಕಳು ಎಂದು ಬರೆದು, ಫ್ಯೋದರ್‌ಗೂ ಒಂದು ಕಾರ್ಡು ಮಾಡಿದೆ. ಮೊದಲನೆಯವಳ ಮದುವೆಗೂ ಕೊನೆಯವಳ ಮದುವೆಗೂ ನಡುವೆ ನೂರು ವರ್ಷಕ್ಕೆ ಮೇಲಿತ್ತು. ನನಗೂ ಅನುಮಾನ ಬಂತು. ದೊಡ್ಡವರ ಮನೆಯ ವಿಷಯ, ನಮಗೇಕೆ ಎಂದು ಸುಮ್ಮನಾದೆ.

"ಈ ಫ್ಯೋದರ್ ಯಾರು?" ಎಂದರು ಅಜ್ಜಿ.

"ಬೀಗರು. ಐದು ಹೆಣ್ಣುಮಕ್ಕಳನ್ನೂ ಒಂದೇ ಮನೆಗೆ ಕೊಟ್ಟವರು. ಫೋಟೋದಲ್ಲಿ ಮಾತ್ರ ಎಲ್ಲೂ ಸಿಗಲಿಲ್ಲ."

"ಸಿಗುವುದಿಲ್ಲ. ಅವರು ಹುಟ್ಟಿಯೇ ಇಲ್ಲ."

ಸೊಸೆಯರು ಬರುತ್ತಿದ್ದದ್ದು ಜರ್ಮನಿ, ಡೆನ್ಮಾರ್ಕುಗಳಿಂದ. ಅವರ ಅಪ್ಪಂದಿರಿಗೆ ಬೇರೆ ಬೇರೆ ಹೆಸರು. ರಷ್ಯಾಕ್ಕೆ ಬಂದು ಮತ ಬದಲಾಯಿಸಿದಾಗ ಹೊಸ ಹೆಸರು ಇಡುತ್ತಿದ್ದರು, ಜೊತೆಗೆ ಆ ಮನೆತನದವರು ನಡೆದುಕೊಳ್ಳುತ್ತಿದ್ದ ಒಂದು ದೇವಮಾತೆಯ ಪಟದ ಹೆಸರನ್ನು ಅಪ್ಪನ ಹೆಸರಿನ ಜಾಗಕ್ಕೆ ಸೇರಿಸುತ್ತಿದ್ದರು, ಅದೇ ಈ ಫ್ಯೋದರೋವ್ನಾ. ಮನೆದೇವರ ಹೆಸರು ಇಟ್ಟ ಹಾಗೆ.

ನಾನು ನನ್ನ ಕಥೆ ಹೇಳಿದೆ. ನನ್ನ ಗಂಡನ ಮನೆ ಧಾರವಾಡದ ಕಡೆ. ಮದುವೆಯಲ್ಲಿ ತಟ್ಟೆಯ ತುಂಬ ಅಕ್ಕಿ ಹರಡಿ, ಅದರಲ್ಲಿ ಉಂಗುರದಿಂದ ಹೊಸ ಹೆಸರು ಬರೆದರು. ಮಣೆಯ ಮೇಲೆ ಕೂತಾಗ ವಿಶಾಲಾಕ್ಷಿ, ಎದ್ದಾಗ ಸುಮಂಗಲಾ.

"ಅಪ್ಪನ ಹೆಸರನ್ನೂ ಬದಲಾಯಿಸಿದರೇ?"

"ಇಲ್ಲ. ತೆಗೆದುಹಾಕಿ ಗಂಡನ ಹೆಸರು ಸೇರಿಸಿದರು."

"ಅಯ್ಯೋ ಪಾಪ," ಎಂದರು ಅಜ್ಜಿ. "ನಮ್ಮವರು ಸುಳ್ಳು ಅಪ್ಪನನ್ನಾದರೂ ಕೊಡುತ್ತಿದ್ದರು."

೩. ಐದನೆಯ ರಾಜಕುಮಾರಿ

ಕೊನೆಯ ಚಕ್ರವರ್ತಿಗೆ ನಾಲ್ಕು ಹೆಣ್ಣುಮಕ್ಕಳು, ಒಬ್ಬ ಮಗ ಎಂದು ಎಲ್ಲ ಪುಸ್ತಕಗಳಲ್ಲೂ ಇದೆ. ಫೋಟೋಗಳ ನಡುವೆ ನನಗೆ ಒಂದು ಚೀಟಿ ಸಿಕ್ಕಿತು. ಅದರಲ್ಲಿ ಅಮ್ಮನಿಗೆ ಹಬ್ಬದ ಶುಭಾಶಯ, ಕೆಳಗೆ ಮಗುವಿನ ಅಕ್ಷರದಲ್ಲಿ 'ಓಟ್ಮಾ' ಎಂಬ ಸಹಿ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಯಾವ ಚರಿತ್ರೆಕಾರನಿಗೂ ಸಿಗದ ಮಗಳು ಹೇವರ್ಡ್‌ನ ಬೂಟಿನ ಡಬ್ಬದವಳಿಗೆ ಸಿಕ್ಕಿದ್ದಳು. ಮುತ್ತಿನಂಥ ಅಕ್ಷರದಲ್ಲಿ ಕಾರ್ಡು ಬರೆದೆ: ಓಟ್ಮಾ, ಐದನೆಯ ಮಗಳು, ತಾಯಿಯ ಮೇಲೆ ಬಹಳ ಪ್ರೀತಿ.

ಅಜ್ಜಿ ಅದನ್ನು ಓದಿ ಕನ್ನಡಕ ತೆಗೆದು ಒರೆಸಿದರು. ಓಲ್ಗಾ, ತತ್ಯಾನಾ, ಮರಿಯಾ, ಅನಸ್ತಾಸಿಯಾ ನಾಲ್ವರೂ ಒಟ್ಟಿಗೆ ಏನಾದರೂ ಬರೆದರೆ ಒಬ್ಬೊಬ್ಬರ ಹೆಸರಿನ ಮೊದಲ ಅಕ್ಷರ, ಓ, ಟಿ, ಎಂ, ಎ, ಸೇರಿಸಿ ಒಂದೇ ಸಹಿ ಹಾಕುತ್ತಿದ್ದರಂತೆ.

"ಕ್ರಾಂತಿಯಲ್ಲಿ ಆ ಮನೆಯವರನ್ನೆಲ್ಲ ಕೊಂದ ಮೇಲೆ, ಬದುಕುಳಿದ ಮಗಳು ನಾನೇ ಎಂದು ಹೇಳಿಕೊಂಡು ಬಂದವರ ಸುದ್ದಿ ನಾನು ಬಹಳ ಕೇಳಿದ್ದೇನೆ," ಎಂದರು. "ಅವರೆಲ್ಲ ಇದ್ದವರಲ್ಲಿ ಒಬ್ಬಳಾಗಲು ಹೊರಟವರು. ಹೊಸದಾಗಿ ಒಬ್ಬಳನ್ನು ಹುಟ್ಟಿಸಿದವರು ನೀವೊಬ್ಬರೇ. ಇನ್ನೊಬ್ಬಳು ಹುಟ್ಟಿದರೆ ನಾನು ಸಹಿ ಹಾಕುವುದಿಲ್ಲ."

೪. ಪಾಪು ಬಂದ

ಆ ಚಕ್ರವರ್ತಿಯ ಒಬ್ಬನೇ ಮಗನನ್ನು ಮನೆಯಲ್ಲಿ ಬೇಬಿ ಎನ್ನುತ್ತಿದ್ದರು. ಸೈನ್ಯದ ಸಮವಸ್ತ್ರ ಹಾಕಿಕೊಂಡು ಅಪ್ಪನ ಭುಜದೆತ್ತರ ನಿಂತ ಫೋಟೋದ ಹಿಂದೆಯೂ ಬೇಬಿ ಎಂದೇ ಇತ್ತು. ಈ ಸಲ ಮಾತ್ರ ನಾನು ತಪ್ಪಲಿಲ್ಲ. ಕಾರಣ ನಮ್ಮ ಮನೆಯಲ್ಲೇ ಇತ್ತು.

ಗಂಡನ ಚಿಕ್ಕಪ್ಪನ ಮಗ ಓಕ್ಲ್ಯಾಂಡ್‌ನ ಆಸ್ಪತ್ರೆಗೆ ಡಾಕ್ಟರಾಗಿ ಬಂದಿದ್ದ. "ಶನಿವಾರ ಪಾಪು ಬರ್ತಾನ," ಎಂದು ಗಂಡ ಹೇಳಿದ್ದನ್ನು ಏಳು ವರ್ಷದ ಮಗಳು ಕೇಳಿಸಿಕೊಂಡಳು. ತನ್ನ ಹಳೆಯ ಗಿಲಕಿ, ಹಾಲಿನ ಬಾಟಲಿ ಹುಡುಕಿ ತೊಳೆದು, ಸೋಫಾದ ಮೇಲೆ ಒಂದು ಚಿಕ್ಕ ಹಾಸಿಗೆ ಮಾಡಿದಳು. ನಲವತ್ತೆಂಟು ವರ್ಷದ ಪಾಪು ಒಳಗೆ ಬಂದವನು ಎಲ್ಲ ಬಿಟ್ಟು ಅದರ ಮೇಲೇ ಕೂತ.

ಮಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಡಿಗೆಮನೆಗೆ ಬಂದು ಪಿಸುಗುಟ್ಟಿದಳು. "ಅಮ್ಮಾ, ದಿ ಬೇಬಿ ಈಸ್ ಬಾಲ್ಡ್."

"ಬೇಬಿಗಳು ಹಾಗೇ ಇರೋದು ಕಣೇ," ಎಂದೆ.

೫. ಒಟ್ಟು ಎಷ್ಟು ಜನ

ಆರನೆಯ ತಿಂಗಳ ಕೊನೆಯ ಗುರುವಾರ ಅಜ್ಜಿ ಡ್ರಾಯರುಗಳನ್ನೆಲ್ಲ ಎಳೆದು ನೋಡಿ, "ಸತ್ತವರೆಲ್ಲ ಅವರವರ ಜಾಗದಲ್ಲಿದ್ದಾರೆ," ಎಂದು ಸಹಿ ಹಾಕಿದರು. ಇನ್ನು ಉಳಿದದ್ದು ನೌಕರರ ಫೈಲು ನೋಡುವ ಆಫೀಸಿಗೆ ಹೋಗಿ ಖಾಯಂ ಪತ್ರ ತರುವುದು. ಅಜ್ಜಿ ತಾವೂ ಬರುತ್ತೇನೆಂದರು.

ಅಲ್ಲಿದ್ದ ಹುಡುಗುಮುಖದ ಗುಮಾಸ್ತ ಮೂರು ಫೈಲು ಮುಂದಿಟ್ಟ.

"ಒಂದು ತೊಂದರೆ ಇದೆ," ಎಂದ. "ಈ ವಿಶಾಲಾಕ್ಷಿ ಎನ್ನುವವರಿಗೆ ಎಂ.ಎ. ಆಗಿದೆ, ಅವರನ್ನು ಕೆಲಸಕ್ಕೆ ತೆಗೆದುಕೊಂಡೆವು. ಅವರು ಒಂದು ದಿನವೂ ಬಂದಿಲ್ಲ. ಈ ಸುಮಂಗಲಾ ಎನ್ನುವವರನ್ನು ನಾವು ತೆಗೆದುಕೊಂಡೇ ಇಲ್ಲ. ಅವರು ಆರು ತಿಂಗಳಿಂದ ಸಂಬಳ ತೆಗೆದುಕೊಳ್ಳುತ್ತಿದ್ದಾರೆ."

ಡಿಗ್ರಿ ಇದ್ದದ್ದು ತವರಿನ ಹೆಸರಲ್ಲಿ, ಪಾಸ್‌ಪೋರ್ಟು ಅಕ್ಕಿ ತಟ್ಟೆಯ ಹೆಸರಲ್ಲಿ. ಮೂರನೆಯ ಫೈಲು ಲೈಬ್ರರಿಯ ಹಾಜರಿ. ಅಲ್ಲಿ ಯಾರ ನಾಲಿಗೆಯೂ ಸುಮಂಗಲಾ ತನಕ ಹೋಗದೆ ಎಲ್ಲರೂ ಸೂ ಎಂದು ಕರೆಯುತ್ತಿದ್ದರು, ಹಾಗೇ ಬರೆದುಕೊಂಡಿದ್ದರು.

"ದಿನಾ ಬಂದು ಕೆಲಸ ಮಾಡಿದವರು ಸೂ ಒಬ್ಬರೇ," ಎಂದ ಗುಮಾಸ್ತ. "ನ್ಯಾಯವಾಗಿ ಖಾಯಂ ಮಾಡಬೇಕಾದ್ದು ಅವರನ್ನು. ಆದರೆ ಅವರು ಏನೂ ಓದಿಲ್ಲ."

ಮೂವರೂ ನಾನೇ ಎಂದೆ. ಅದನ್ನು ಬೇರೆ ಯಾರಾದರೂ ಹೇಳಬೇಕಲ್ಲ ಎಂದು ಅವನು ಗಂಡನ ಆಫೀಸಿಗೆ ಫೋನು ಮಾಡಿದ. "ವಿಶಾಲಾಕ್ಷಿ ನಿಮಗೆ ಗೊತ್ತೇ?" ಎಂದು ಕೇಳಿದ. ಮೊದಲು ಹೆಂಡತಿಗೆ ಫೋನು ಕೊಡಿ ಎಂದನಂತೆ ಗಂಡ. ಆಮೇಲೆ ಫೋನು ನನ್ನ ಕೈಗೆ ಬಂತು.

"ಏನs, ಅಲ್ಲೆ ನೀ ಯಾರಿದ್ದೀ?" ಎಂದ ಗಂಡ, ತಗ್ಗಿದ ದನಿಯಲ್ಲಿ. "ಹೇಳು, ಹಂಗs ಹೇಳ್ತೀನಿ."

"ಏನಂತೆ?" ಎಂದ ಗುಮಾಸ್ತ.

"ನನ್ನ ಹೆಸರು ಕೇಳುತ್ತಿದ್ದಾರೆ."

ಅವನು ಫೋನನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು ಕೆಳಗಿಟ್ಟ. ಬೂಟಿನ ಡಬ್ಬಗಳು ನನ್ನ ಕಣ್ಣಿಗೆ ಕಟ್ಟಿದವು. ಆಗ ಅಜ್ಜಿ ಎದ್ದು, "ನಾನು ಸಾಕ್ಷಿ. ಆರು ತಿಂಗಳಿಂದ ನೋಡುತ್ತಿದ್ದೇನೆ, ಇವರು ಒಬ್ಬರೇ," ಎಂದರು.

"ಬರೆದುಕೊಡಿ, ಸಾಕು," ಎಂದ ಗುಮಾಸ್ತ, ಬದುಕಿದೆ ಎನ್ನುವ ಹಾಗೆ. "ನಿಮ್ಮ ಗುರುತಿನ ಕಾಗದ ಏನಾದರೂ ಇದೆಯೇ?"

ಅಜ್ಜಿ ಕೈಚೀಲ ತೆರೆದು ಒಂದೊಂದಾಗಿ ಮೇಜಿನ ಮೇಲಿಟ್ಟರು. ರಷ್ಯಾದಲ್ಲಿ ಹುಟ್ಟಿದಾಗಿನ ಹೆಸರು. ಓಡಿಬಂದು ಚೀನಾದಲ್ಲಿದ್ದಾಗ ಹಾರ್ಬಿನ್‌ನಲ್ಲಿ ಬರೆಸಿದ ಹೆಸರು. ಎರಡನೆಯ ಗಂಡನ ಕಡೆಯ ಹೆಸರು. ಅಮೆರಿಕದ ಪೌರತ್ವ ಕೊಡುವಾಗ ಇಲ್ಲಿಯವರು ಮೊಟಕು ಮಾಡಿದ ಹೆಸರು.

ಗುಮಾಸ್ತ ನಾಲ್ಕನ್ನೂ ಓದಿದ. ನನ್ನ ಮೂರು ಫೈಲು ನೋಡಿದ. ಆಮೇಲೆ ನಮ್ಮಿಬ್ಬರನ್ನೂ ನೋಡಿದ.

"ನೀವಿಬ್ಬರು," ಎಂದ, "ಒಟ್ಟು ಎಷ್ಟು ಜನ?"

"ಏಳು," ಎಂದರು ಅಜ್ಜಿ. "ಕೆಲಸ ಬೇಕಾಗಿರುವುದು ಒಬ್ಬಳಿಗೆ. ಸಹಿ ಹಾಕಿ, ಮಿಕ್ಕ ಆರು ಜನರನ್ನು ನಾನು ಮನೆಗೆ ಕರೆದುಕೊಂಡು ಹೋಗುತ್ತೇನೆ."

ಅವನು ಸಹಿ ಹಾಕಿದ.