ಮೇಡಂ, ಮೈಕು ಮತ್ತು ಮಡಿವಾಳ ಹಕ್ಕಿ

ಮೈಕು ಹಿಡ್ಕೊಂಡು ಮರದ ಕೆಳಗೆ ಸುಮ್ಮನೆ ನಿಂತು ನೋಡಿ, ಹಕ್ಕಿಗಿಂತ ಮೊದಲು ಮನುಷ್ಯರು ಮಾತಾಡೋಕೆ ಶುರು ಮಾಡ್ತಾರೆ. ಆರು ವರ್ಷದಿಂದ ಇದನ್ನೇ ನೋಡ್ತಾ ಬಂದಿದ್ದೀನಿ. ನಮ್ಮ ಮೇಡಂ ವಿಜ್ಞಾನಿ. ಇಷ್ಟು ಗದ್ದಲದ ಊರಲ್ಲಿ ಹಕ್ಕಿಗಳು ಒಂದಕ್ಕೊಂದು ಏನು ಹೇಳ್ಕೋತವೆ, ಹೇಗೆ ಕೇಳಿಸ್ಕೋತವೆ ಅನ್ನೋದು ಅವರ ಸಂಶೋಧನೆ. ನಾನು ಅವರ ಜೊತೆ ಮೈಕು ಹಿಡಿಯೋಳು, ಟೈಮು ಬರೆಯೋಳು. ಯಾದಗಿರಿ ಕಡೆಯಿಂದ ಗಂಡನ ಜೊತೆ ಬಂದು ಜೋಗುಪಾಳ್ಯದಲ್ಲಿ ಬಾಡಿಗೆ ರೂಮು ಮಾಡ್ಕೊಂಡಿರೋಳು.

ಕೆಲಸ ಸಿಕ್ಕಿದ್ದು

ಆಗ ನಾನು ಇಂದಿರಾನಗರದ ಒಂದು ಅಪಾರ್ಟ್‌ಮೆಂಟಲ್ಲಿ ಕಸ ಗುಡಿಸ್ತಿದ್ದೆ. ಒಂದು ಬೆಳಿಗ್ಗೆ ಈ ಮೇಡಂ ಬಂದು, ಗೇಟಿನ ಪಕ್ಕದ ಗಿಡದಲ್ಲಿದ್ದ ಸಿಂಪಿಗ ಹಕ್ಕಿ ಕಡೆಗೆ ಮೈಕು ತಿರುಗಿಸಿ ನಿಂತಿದ್ರು. ಎಲೆ ಹೊಲಿದು ಗೂಡು ಕಟ್ಟುತ್ತಲ್ಲ, ಹೆಬ್ಬೆರಳಿನಷ್ಟು ಹಕ್ಕಿ, ಅದು. ಇದ್ದಕ್ಕಿದ್ದಂಗೆ ಅದು ಕಿರುಚೋಕೆ ಶುರು ಮಾಡ್ತು. ನಾನು ತಲೆ ಎತ್ತದೆ ಗುಡಿಸ್ತಾನೇ, "ಬೆಕ್ಕು ಬಂತ್ರೀ ಮೇಡಂ" ಅಂದೆ.

ನೋಡಿದ್ರೆ ಕಾರಿನ ಕೆಳಗಿಂದ ಬೆಕ್ಕು ಬರ್ತಾ ಇದೆ.

"ನೋಡ್ದೇನೇ ಹೇಗೆ ಹೇಳಿದ್ರಿ?"

"ಬೆಕ್ಕಿಗೆ ಹಿಂಗ ಒದರ್ತದ್ರೀ. ಹದ್ದು ಬಂದ್ರ ಒದರಂಗಿಲ್ಲ, ಗಪ್ಪಾಗ್ತದ."

ಮೇಡಂ ಫುಟ್‌ಪಾತ್ ಮೇಲೇ ಕೂತು ನೋಟ್‌ಬುಕ್ ತೆಗೆದ್ರು. ಅಷ್ಟು ಓದಿದವರು, ನನ್ನ ಪೊರಕೆ ಪಕ್ಕದಲ್ಲಿ! "ಇನ್ನೊಂದ್ಸಲ ಹೇಳಿ" ಅಂತ ಕೇಳಿ ಕೇಳಿ ಬರ್ಕೊಂಡ್ರು. ಕೊನೆಗೆ, "ಇದನ್ನ ಎಷ್ಟು ದಿನದಿಂದ ಗಮನಿಸ್ತಾ ಇದ್ದೀರಿ?" ಅಂತ ಭಾಳ ಮರ್ಯಾದೆಯಿಂದ ಕೇಳಿದ್ರು.

"ಆ ಬೆಕ್ಕು ನನ್ನ ಡಬ್ಬಿ ಊಟ ತಿಂದ ದಿನದಿಂದ ರೀ" ಅಂದೆ.

ಮುಂದಿನ ತಿಂಗಳು ನಾನು ಅವರ ಕೆಲಸಕ್ಕೆ ಸೇರಿದೆ.

ಹೊರಮಾವಿನ ಅಜ್ಜಿ

ಹೊರಮಾವಿನಲ್ಲಿ ಒಂದು ಲೇಔಟಿನ ಬೇವಿನ ಮರದಲ್ಲಿ ಪಿಕಳಾರ ಹಕ್ಕಿಗಳು ಜೋರಾಗಿ ಮಾತಾಡ್ತಿದ್ವು. ಮೇಡಂ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡ್ರು, ನಾನು ಮೈಕು ಎತ್ತಿ ಹಿಡಿದೆ. ಎದುರು ಮನೆ ಅಜ್ಜಿ ನಮ್ಮನ್ನ ನೋಡಿದವರೇ ಒಳಗೋಡಿ, ಸೀರೆ ಬದಲಾಯಿಸ್ಕೊಂಡು ಬಂದು ಮೈಕಿನ ಮುಂದೆ ನಿಂತ್ಬಿಟ್ರು. ಟಿವಿಯವರು ಅನ್ಕೊಂಡಿದ್ದಾರೆ.

"ನೋಡಿ, ನಮ್ ಮೋರಿ ಕಟ್ಕೊಂಡು ಮೂರು ತಿಂಗ್ಳಾಯ್ತು. ಯಾರೂ ತಿರುಗಿ ನೋಡಿಲ್ಲ. ಸೊಳ್ಳೆ ಬ್ಯಾಟ್ ಇಟ್ಕೊಂಡೇ ಊಟ ಮಾಡ್ತೀವಿ…"

ನಾನು ಮೈಕು ಪಕ್ಕಕ್ಕೆ ಸರಿಸಿದ್ರೆ ಅಜ್ಜಿಯೂ ಪಕ್ಕಕ್ಕೆ ಸರೀತಾರೆ. ಮೇಲಕ್ಕೆತ್ತಿದ್ರೆ ಅವರ ದನಿಯೂ ಮೇಲಕ್ಕೇರುತ್ತೆ. ಮೇಡಂ ಮಾತ್ರ ಒಂದು ಸಲಾನೂ ತಡೀಲಿಲ್ಲ. ಹತ್ತು ನಿಮಿಷ ತಲೆ ಆಡಿಸ್ತಾ ಕೇಳಿದ್ರು. ಆಮೇಲೆ ತಾವು ಯಾರು ಅಂತ ಹೇಳಿ, ಅಲ್ಲೇ ನಿಂತು ಅಜ್ಜಿ ಹೆಸರಲ್ಲಿ ಮೋರಿ ಬಗ್ಗೆ ಒಂದು ಅರ್ಜಿಯನ್ನೂ ಬರೆದುಕೊಟ್ರು.

ವಾಪಸ್ ಬರುವಾಗ ನಾನು ಬೇಜಾರಲ್ಲಿ, "ಇವತ್ತಿನ ರೆಕಾರ್ಡಿಂಗ್ ಪೂರಾ ಹಾಳಾಯ್ತು ಮೇಡಂ" ಅಂದೆ.

"ಹಾಳೇನಿಲ್ಲ. ಸದ್ದು ಜಾಸ್ತಿ ಆದ್ರೆ ಪಿಕಳಾರ ದನಿ ಏರಿಸುತ್ತಾ ಅಂತ ನೋಡ್ಬೇಕಿತ್ತು. ಅಷ್ಟು ಒಳ್ಳೆ ಸದ್ದು ನಾವೆಲ್ಲಿಂದ ತರೋದು?"

ಶಿವಾಜಿನಗರದ ಹದ್ದು

ಮಾಂಸದ ಅಂಗಡಿಗಳ ಮೇಲೆ ಸುತ್ತೋ ಹದ್ದುಗಳನ್ನ ನೋಡೋಕೆ ವಾರಕ್ಕೊಂದು ದಿನ ಶಿವಾಜಿನಗರಕ್ಕೆ ಹೋಗ್ತಿದ್ವಿ. ಒಬ್ಬ ಮಟನ್ ಅಂಗಡಿ ಭಾಯ್ ನಮಗೆ ಕೂರೋಕೆ ಸ್ಟೂಲ್ ಹಾಕಿಕೊಡ್ತಿದ್ರು. ಗಾಳಿ ಸದ್ದು ಬರದಿರಲಿ ಅಂತ ಮೈಕಿಗೆ ಒಂದು ಕೂದಲಿನ ಕವರ್ ಹಾಕ್ತಾರೆ. ಬೂದು ಬಣ್ಣ, ಗೇಣುದ್ದ. ದೂರದಿಂದ ನೋಡಿದ್ರೆ ಥೇಟ್ ಹೆಗ್ಗಣ.

ಹದ್ದಿಗೂ ಹಾಗೇ ಕಂಡಿರಬೇಕು. ನನ್ನ ಕಿವಿ ಪಕ್ಕ ಗಾಳಿ ಬೀಸಿದಂಗಾಯ್ತು, ಅಷ್ಟೇ. ಕವರ್ ಹದ್ದಿನ ಜೊತೆ ಮೇಲಕ್ಕೆ ಹೋಯ್ತು. ನಾನು "ಅಯ್ಯಯ್ಯೋ" ಅಂತ ಕೂಗ್ತಿದ್ದೀನಿ, ಬೀದಿ ಜನ ಎಲ್ಲಾ "ಪಕಡೋ, ಪಕಡೋ" ಅಂತ ಆಕಾಶಕ್ಕೆ ಕೈ ತೋರಿಸ್ತಿದ್ದಾರೆ. ಮೇಡಂ ವಾಚ್ ನೋಡ್ಕೊಂಡು, "ಎಡಗಾಲಲ್ಲಿ ಹಿಡೀತು, ನೋಡಿದ್ರಾ? ಟೈಮ್ ಬರ್ಕೊಳ್ಳಿ. ಎಷ್ಟು ಚೆನ್ನಾಗಿ ತಿರುಗ್ತು!" ಅಂತ ಖುಷಿಪಡ್ತಿದ್ದಾರೆ.

ಭಾಯ್ ಕತ್ತಿ ಕೆಳಗಿಟ್ಟು ನನ್ನ ಹತ್ರ ಬಂದ್ರು. "ಕ್ಯಾ ಅಮ್ಮಾ, ಇವ್ರು ನಿಜವಾಗ್ಲೂ ದೊಡ್ಡ ವಿಜ್ಞಾನಿನಾ?"

"ಹೌದು ಭಾಯ್. ಹದ್ದು ಹೇಗೆ ಕಿತ್ಕೊಂಡು ಹೋಗುತ್ತೆ ಅಂತ ನೋಡ್ತಾರೆ, ಬರೀತಾರೆ."

"ನನ್ ಅಂಗಡೀಲಿ ನಮ್ ಅಬ್ಬಾ ಕಾಲದಿಂದ ಕಿತ್ಕೊಂಡು ಹೋಗ್ತಾ ಇದೆ" ಅಂದ್ರು ಭಾಯ್. "ನಾವು ಬರೀಲಿಲ್ಲ, ಬರೀ ಬೈದ್ವಿ. ತಪ್ಪಾಗೋಯ್ತು."

ಮನೆಯಲ್ಲಿ

ಹಾಡು ಬೇರೆ, ಎಚ್ಚರಿಕೆ ಕೂಗು ಬೇರೆ, ಮರಿ ಊಟ ಕೇಳೋ ಕೂಗು ಬೇರೆ ಅಂತ ಮೇಡಂ ಕಲಿಸಿದ್ರು. ಈ ವಿದ್ಯೆ ಮನೆಯಲ್ಲೂ ಬಿಡಲ್ಲ. ಒಂದಿನ ಗಂಡ ಕೆಲಸದಿಂದ ಬಂದವನೇ, "ಇವತ್ತು ಬಿಸಿಲು ಭಾಳ ಇತ್ತು, ಮೈ ಎಲ್ಲಾ ನೋವು, ಸುಸ್ತು" ಅಂತ ರಾಗ ಎಳೆದ. ನಾನು ತಟ್ಟೆ ಇಟ್ಟು ರೊಟ್ಟಿ ಬಡಿಸಿದೆ.

"ಹಸಿವು ಅಂತ ನಾ ಎಲ್ಲಿ ಅಂದೆ?" ಅಂದ.

"ಮರಿಗಳೂ ಹಸಿವು ಅನ್ನಂಗಿಲ್ಲ, ಬರೀ ಒದರ್ತಾವ" ಅಂದೆ.

ಟೆರೇಸ್ ಮೇಲಿನ ಸಿಳ್ಳೆ

ಕಳೆದ ಬೇಸಿಗೆಯ ಮಾತು. ನಾವಿರೋ ಮನೆಯ ಟೆರೇಸ್ ರೂಮಲ್ಲಿ ನನ್ನ ಮೈದುನ ಇದ್ದಾನೆ. ಗಾರೆ ಕೆಲಸದವನು, ನೆಲ ನೋಡ್ಕೊಂಡು ನಡೆಯೋ ಮನುಷ್ಯ. ಒಂದಿನ ಓನರಮ್ಮ ಕೆಂಡವಾಗಿ ಬಂದ್ರು. ಬೆಳಿಗ್ಗೆ ಅವರ ಮಗಳು ಬಟ್ಟೆ ಒಣಗಿಸೋಕೆ ಟೆರೇಸಿಗೆ ಹೋದಾಗೆಲ್ಲ ಯಾರೋ ಸಿಳ್ಳೆ ಹೊಡೀತಾರಂತೆ.

"ಮೇಲಿರೋನು ಒಬ್ನೇ. ಈ ಭಾನುವಾರ ರೂಮ್ ಖಾಲಿ ಮಾಡ್ಬೇಕು."

ಮೈದುನ ಅಳೋದೊಂದು ಬಾಕಿ. "ವೈನಿ, ಕೆಲಸದಾಗ ಬಿದ್ದು ಮುಂದಿನ ಹಲ್ಲು ಮುರಿದು ಎರಡು ವರ್ಷಾತು. ನಾ ಸಿಳ್ಳಿ ಹ್ಯಾಂಗ ಹೊಡೀಲಿ?"

"ಹಲ್ಲಿಲ್ಲದಿದ್ರೆ ಗಾಳಿ ಇನ್ನೂ ಸಲೀಸಾಗಿ ಬರುತ್ತೆ" ಅಂದ್ರು ಓನರಮ್ಮ.

ಆ ಹೊತ್ತಿಗೆ ನಾನು ದಿನಾ ಕೆಲಸಕ್ಕೆ ಹೋಗಿರ್ತೀನಿ. ಮರುದಿನ ರಜೆ ಹಾಕಿ ಕಿವಿಗೊಟ್ಟೆ. ಒಂದು ಸಲ ಕೇಳಿದ್ದೇ ಗೊತ್ತಾಯ್ತು, ಅದು ಮಡಿವಾಳ ಹಕ್ಕಿ. ಆದರೆ ಓನರಮ್ಮ ನನ್ನ ಮಾತು ನಂಬ್ತಾರಾ? "ಮೈದುನನ್ನ ಉಳಿಸ್ಕೊಳ್ಳೋಕೆ ಹಕ್ಕಿ ಮೇಲೆ ಹಾಕ್ತೀಯಾ?" ಅಂದ್ರು. ಅಳು ಬಂತು. ಮೇಡಂಗೆ ಫೋನ್ ಮಾಡಿದೆ. ಅವರು ಭಾನುವಾರ ಬೆಳಿಗ್ಗೆ ಆರಕ್ಕೇ ಮೈಕು, ಸ್ಪೀಕರ್ ಎರಡೂ ಹೊತ್ಕೊಂಡು ನಮ್ಮ ಸಂದಿಗೆ ಬಂದ್ರು.

ಟೆರೇಸಲ್ಲಿ ಎಲ್ಲರೂ ಸೇರಿದ್ವಿ. ಮಗಳು ಬಟ್ಟೆ ಬಕೆಟ್ ಹಿಡಿದು ನಿಂತಿದ್ದಳು. ಮೈದುನನನ್ನ ಎದುರಿಗೆ ಕೂರಿಸಿ, "ಬಾಯಿ ತುಂಬ ನೀರು ತುಂಬ್ಕೊ" ಅಂದ್ರು ಓನರಮ್ಮ. ಅವನು ಕೆನ್ನೆ ಉಬ್ಬಿಸ್ಕೊಂಡು ಕೂತ. ಮಗಳು ಮೊದಲನೇ ಬಟ್ಟೆ ಹಿಂಡಿದಳು.

ಉದ್ದಕ್ಕೆ, ಸೊಗಸಾಗಿ, ಒಂದು ಸಿಳ್ಳೆ ಬಂತು.

ಎಲ್ಲರೂ ಮೈದುನನ ಕಡೆ ತಿರುಗಿದ್ವಿ. ಕೆನ್ನೆ ಹಾಗೇ ಉಬ್ಬಿದೆ, ಕಣ್ಣು ಮಾತ್ರ ಅಗಲ ಆಗಿದೆ. ಮೇಡಂ ಮೆಲ್ಲಗೆ ಡಿಶ್ ಆಂಟೆನಾ ಕಡೆ ಬೆರಳು ತೋರಿಸಿದ್ರು. ಕಪ್ಪು ಬಿಳುಪಿನ ಹಕ್ಕಿ, ಬಾಲ ಮೇಲೆತ್ತಿ ಹಾಡ್ತಾ ಇದೆ. ಮೈದುನ ನೀರನ್ನ ಗಟಗಟ ನುಂಗಿ, ಮೇಡಂ ಕಡೆ ತಿರುಗಿ ಕೈ ಮುಗಿದ.

ಓನರಮ್ಮಂಗೆ ಇನ್ನೂ ಅನುಮಾನ. "ಹಕ್ಕಿಗೆ ನಮ್ ಹುಡ್ಗಿ ಹತ್ರ ಏನು ಕೆಲ್ಸ?"

"ಅವಳ ಹತ್ರ ಏನೂ ಇಲ್ಲಮ್ಮ, ನೋಡಿ" ಅಂತ ಮೇಡಂ ಸ್ಪೀಕರಲ್ಲಿ ಹಲಸೂರು ಕೆರೆ ಹತ್ರದ ಇನ್ನೊಂದು ಮಡಿವಾಳ ಹಕ್ಕಿಯ ಹಾಡು ಹಾಕಿದ್ರು. ಆಂಟೆನಾ ಮೇಲಿದ್ದದ್ದು ಬಾಣದಂಗೆ ಬಂದು ಸ್ಪೀಕರ್ ಮುಂದೆ ಇಳಿದು, ಎದೆ ಉಬ್ಬಿಸಿ, ಇದ್ದ ಸಿಳ್ಳೆಯನ್ನೆಲ್ಲಾ ಹಾಕ್ತು.

"ಅಬ್ಬಾ, ಏನಂತ ಬೈತಿದೆ ಇದು?" ಅಂದ್ರು ಓನರಮ್ಮ.

"ಬೇರೆ ಗಂಡು ಒಳಗೆ ಬಂತು ಅನ್ಕೊಂಡಿದೆ. 'ಈ ಟೆರೇಸ್ ನಂದು, ಆಚೆ ಹೋಗು' ಅಂತಿದೆ. ದಿನಾ ಬೆಳಿಗ್ಗೆ ಹೇಳೋದೂ ಅದನ್ನೇ."

ಓನರಮ್ಮ ಸೊಂಟಕ್ಕೆ ಕೈ ಇಟ್ರು. "ಟೆರೇಸ್ ಅವನ್ದಾ? ಮನೆ ಪತ್ರ ಯಾರ ಹೆಸ್ರಲ್ಲಿದೆ ಅಂತ ಅವನಿಗೆ ಗೊತ್ತಾ?"

ಹಕ್ಕಿ ಇನ್ನೊಂದು ಸಲ ಹೇಳ್ತು, ಮೊದಲಿಗಿಂತ ಜೋರಾಗಿ. ಓನರಮ್ಮ ಅದನ್ನೇ ದಿಟ್ಟಿಸಿ ನೋಡಿದ್ರು. ಆಮೇಲೆ ಮೈದುನನ ಹೆಗಲ ಮೇಲೆ ಕೈ ಇಟ್ಟು ಹೇಳಿದ್ರು:

"ನೀನು ಇಲ್ಲೇ ಇರಪ್ಪ. ಇಷ್ಟು ವರ್ಷದಿಂದ ಇದ್ರೂ ಒಂದಿನಾನೂ ನೀನು ಟೆರೇಸ್ ನಂದು ಅಂದಿಲ್ಲ."